ಬೀಗದ ಕೈ ಯಾರ ಬಳಿ? – ಗಣಕಯಂತ್ರದ ಆಟಗಳೂ ಕೊಂಡವರ ಹಕ್ಕೂ

ಶಾಲೆಯ ಗ್ರಂಥಾಲಯಕ್ಕೆ ದಾನವಾಗಿ ಬಂದ ಪುಸ್ತಕದ ಮೊದಲ ಪುಟದಲ್ಲಿ ದಾನಿಗಳ ಹೆಸರನ್ನೂ ತಾರೀಖನ್ನೂ ಬರೆದು ಮೊಹರು ಒತ್ತುವುದು ಹಳೆಯ ವಾಡಿಕೆ. ಈ ಸಣ್ಣ ಕಾರ್ಯದ ಹಿಂದೆ ದೊಡ್ಡದೊಂದು ನಂಬಿಕೆಯಿದೆ. ಆ ಪುಸ್ತಕವನ್ನು ಒಬ್ಬರು ಹಣ ಕೊಟ್ಟು ಕೊಂಡರು. ಕೊಂಡದ್ದರಿಂದ ಅದು ಅವರದಾಯಿತು. ಅವರದಾದ್ದರಿಂದಲೇ ಅದನ್ನು ಶಾಲೆಗೆ ಕೊಡುವ ಹಕ್ಕು ಅವರಿಗೆ ಒದಗಿತು. ಮುದ್ರಿಸಿದ ಪ್ರಕಾಶಕರು ಅಂಗಡಿ ಮುಚ್ಚಿಕೊಂಡು ಹೋದರೂ ಪುಸ್ತಕವು ಕಪಾಟಿನಲ್ಲಿ ಉಳಿಯುತ್ತದೆ. ತಂದೆ ಓದಿದ ಪ್ರತಿಯನ್ನು ಮಗ ಓದುತ್ತಾನೆ.

ಈ ನಂಬಿಕೆಗೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1908ರಲ್ಲೇ ಕಾನೂನಿನ ಬೆಂಬಲ ನೀಡಿತು. ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆಯು ತನ್ನ ಕಾದಂಬರಿಯೊಂದರ ಒಳಪುಟದಲ್ಲಿ, ಇದನ್ನು ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಯಾರೂ ಮಾರಕೂಡದೆಂದು ಅಚ್ಚು ಹಾಕಿಸಿತ್ತು. ನ್ಯೂಯಾರ್ಕಿನ ಮೇಸಿ ಮಳಿಗೆಯವರು ಅದನ್ನು 89 ಸೆಂಟಿಗೆ ಮಾರಿದರು. ವ್ಯಾಜ್ಯವು ಮೇಲಿನ ನ್ಯಾಯಾಲಯದವರೆಗೂ ಹೋಯಿತು. ಒಮ್ಮೆ ಮಾರಿದ ಮೇಲೆ ಆ ಪ್ರತಿಯ ಮುಂದಿನ ಮಾರಾಟವನ್ನು ನಿಯಂತ್ರಿಸುವ ಅಧಿಕಾರ ಪ್ರಕಾಶಕನಿಗಿಲ್ಲವೆಂದು ನ್ಯಾಯಾಲಯ ತೀರ್ಪಿತ್ತಿತು. ಪುಸ್ತಕವನ್ನು ಕೊಂಡವನು ಅದನ್ನು ಓದಬಹುದು, ಮಾರಬಹುದು, ದಾನ ಮಾಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು.

ಇಂದು ಈ ನಂಬಿಕೆಯೇ ಪ್ರಶ್ನೆಗೊಳಗಾಗಿದೆ. ಆ ಪ್ರಶ್ನೆ ಎಲ್ಲಕ್ಕಿಂತ ಮೊದಲು ಮತ್ತು ಎಲ್ಲಕ್ಕಿಂತ ತೀವ್ರವಾಗಿ ಎದ್ದದ್ದು, ಹಿರಿಯರಾದ ನಾವು ಹಗುರವಾಗಿ ಕಾಣುವ ಒಂದು ಕ್ಷೇತ್ರದಲ್ಲಿ. ಅದೆಂದರೆ ಕಂಪ್ಯೂಟರ್ ಆಟಗಳ ಕ್ಷೇತ್ರದಲ್ಲಿ. ಆಟವೆಂದು ಇದನ್ನು ಅಲಕ್ಷಿಸುವುದು ತರವಲ್ಲ. ಆಟಗಾರರು ಎರಡು ದಶಕಗಳಿಂದ ಅನುಭವಿಸುತ್ತಿರುವ ತೊಡಕನ್ನು ನಾಳೆ ನಮ್ಮ ಪಠ್ಯ, ಸಂಗೀತ, ಗ್ರಂಥಗಳ ವಿಷಯದಲ್ಲಿ ನಾವೆಲ್ಲರೂ ಅನುಭವಿಸಬೇಕಾಗಬಹುದು. ಆದ್ದರಿಂದ ಈ ತೊಡಕಿನ ಸ್ವರೂಪವನ್ನು ಸ್ಥೂಲವಾಗಿಯಾದರೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಬೀಗದ ಹುಟ್ಟು

ಕಂಪ್ಯೂಟರ್ ಆಟವು ಪುಸ್ತಕದಂತಲ್ಲ. ಪುಸ್ತಕವನ್ನು ನಕಲು ಮಾಡಲು ಶ್ರಮವೂ ಖರ್ಚೂ ತಗಲುತ್ತವೆ. ಆಟವನ್ನು ನಕಲು ಮಾಡಲು ಕೆಲವು ನಿಮಿಷಗಳು ಸಾಕು, ಮೂಲಕ್ಕೂ ನಕಲಿಗೂ ಎಳ್ಳಷ್ಟೂ ಭೇದವಿರದು. ಹೀಗಾಗಿ ಆಟಗಳನ್ನು ತಯಾರಿಸುವವರು ಆರಂಭದಿಂದಲೂ ಕಳ್ಳಪ್ರತಿಯ ಭಯದಲ್ಲಿಯೇ ವ್ಯಾಪಾರ ಮಾಡಬೇಕಾಯಿತು. ಆ ಭಯದಿಂದ ಹುಟ್ಟಿದ ಉಪಾಯಗಳಿಗೆ ಒಟ್ಟಾಗಿ ಡಿಜಿಟಲ್ ಹಕ್ಕು ನಿರ್ವಹಣೆ ಎಂದು ಹೆಸರು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು ಡಿ.ಆರ್.ಎಂ. ಎಂದು ಕರೆಯುವುದು ರೂಢಿ. ಸರಳವಾಗಿ ಹೇಳುವುದಾದರೆ ಇದು ಒಂದು ಬೀಗ. ಹಣ ಕೊಟ್ಟವನಿಗೆ ತೆರೆದು, ಕೊಡದವನಿಗೆ ಮುಚ್ಚಿಕೊಳ್ಳುವುದು ಇದರ ಕೆಲಸ.

ಮೊದಲ ಕಾಲದ ಬೀಗಗಳು ನಿರುಪದ್ರವಿಗಳಾಗಿದ್ದವು. ಆಟ ಆರಂಭಿಸಿದೊಡನೆ, ಜೊತೆಗೆ ಬಂದ ಕೈಪಿಡಿಯ ಇಂಥ ಪುಟದ ಇಂಥ ಸಾಲಿನಲ್ಲಿರುವ ಪದ ಯಾವುದೆಂದು ಯಂತ್ರವು ಕೇಳುತ್ತಿತ್ತು. ಕೈಪಿಡಿಯಿದ್ದವನು ಉತ್ತರಿಸುತ್ತಿದ್ದನು. 1990ರಲ್ಲಿ ಬಂದ ‘ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್’ ಎಂಬ ಆಟದೊಡನೆ ಒಂದರ ಮೇಲೊಂದು ತಿರುಗುವ ಎರಡು ರಟ್ಟಿನ ಚಕ್ರಗಳನ್ನು ಕೊಟ್ಟಿದ್ದರು. ಅವುಗಳ ಮೇಲೆ ಕಡಲ್ಗಳ್ಳರ ಮುಖಗಳ ಅರ್ಧರ್ಧ ಚಿತ್ರಗಳಿದ್ದವು. ತೆರೆಯ ಮೇಲೆ ಕಂಡ ಮುಖವನ್ನು ಚಕ್ರ ತಿರುಗಿಸಿ ಹೊಂದಿಸಿದರೆ ಉತ್ತರದ ಅಂಕಿ ಸಿಗುತ್ತಿತ್ತು. ಕಳ್ಳರನ್ನು ತಡೆಯಲು ಕಳ್ಳರದೇ ಮುಖ!

ಸಿ.ಡಿ.ಗಳ ಕಾಲದಲ್ಲಿ ಸೇಫ್‌ಡಿಸ್ಕ್, ಸೆಕ್ಯುರಾಮ್ ಮುಂತಾದ ಉಪಾಯಗಳು ಬಂದವು. ಆಟವು ಯಂತ್ರದೊಳಗೆ ಪೂರ್ತಿಯಾಗಿ ತುಂಬಿಕೊಂಡಿದ್ದರೂ ಅಸಲು ಡಿಸ್ಕು ಒಳಗಿಲ್ಲದೆ ಅದು ನಡೆಯುತ್ತಿರಲಿಲ್ಲ. ಡಿಸ್ಕು ಗೀಚಿಕೊಂಡರೆ ಆಟ ಹೋಯಿತು. ತೊಂದರೆಯೇನೋ ಹೌದು, ಆದರೆ ಒಂದು ಮಾತನ್ನು ಗಮನಿಸಬೇಕು. ಕೈಪಿಡಿಯಾಗಲಿ, ಚಕ್ರವಾಗಲಿ, ಡಿಸ್ಕಾಗಲಿ, ಬೀಗದ ಕೈ ಅಲ್ಲಿಯವರೆಗೂ ಕೊಂಡವನ ಮನೆಯಲ್ಲಿಯೇ ಇತ್ತು.

ಮಾರಿದವರ ಬಳಿ ಉಳಿದ ಕೀಲಿಕೈ

ಅಂತರಜಾಲವು ಮನೆಮನೆಗೆ ಬಂದ ಮೇಲೆ ಈ ಸ್ಥಿತಿ ಬದಲಾಯಿತು. ವಾಲ್ವ್ ಎಂಬ ಅಮೆರಿಕದ ಸಂಸ್ಥೆಯು 2003ರ ಸೆಪ್ಟೆಂಬರಿನಲ್ಲಿ ‘ಸ್ಟೀಮ್’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. 2004ರ ನವೆಂಬರಿನಲ್ಲಿ ‘ಹಾಫ್-ಲೈಫ್ 2’ ಬಿಡುಗಡೆಯಾದಾಗ, ಅಂಗಡಿಯಲ್ಲಿ ಡಿಸ್ಕನ್ನು ಕೊಂಡವರೂ ಸ್ಟೀಮಿನಲ್ಲಿ ಖಾತೆ ತೆರೆದು, ಅಂತರಜಾಲದ ಮೂಲಕ ಅನುಮತಿ ಪಡೆಯಬೇಕಾಯಿತು. ಆಟಗಾರರು ಬೇಸರಗೊಂಡರು. ಕಾಲಕ್ರಮದಲ್ಲಿ ಸ್ಟೀಮ್ ಅನೇಕ ಅನುಕೂಲಗಳನ್ನು ಒದಗಿಸಿತೆಂಬುದನ್ನು ಒಪ್ಪಲೇಬೇಕು. ಆಟಗಳು ತಾವಾಗಿಯೇ ಪರಿಷ್ಕೃತಗೊಳ್ಳುತ್ತಿದ್ದವು. ಡಿಸ್ಕು ಕಳೆದರೂ ಮತ್ತೆ ಇಳಿಸಿಕೊಳ್ಳಬಹುದಾಗಿತ್ತು. 2015ರಿಂದ, ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಹಿಂದಿರುಗಿಸುವ ನಿಯಮವೂ ಬಂದಿತು. ಆದರೆ ಬೀಗದ ಕೈ ಕೊಂಡವನ ಮನೆಯಿಂದ ಮಾರಿದವನ ಮನೆಗೆ ಹೋದದ್ದು ಆಗಲೇ.

2008ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯು ‘ಸ್ಪೋರ್’ ಎಂಬ ಆಟವನ್ನು ಹೊರತಂದಿತು. ಇದನ್ನು ಕೊಂಡವನು ಮೂರು ಬಾರಿ ಮಾತ್ರ ಸಕ್ರಿಯಗೊಳಿಸಬಹುದಾಗಿತ್ತು. ಯಂತ್ರವನ್ನು ಬದಲಿಸಿದರೆ, ಕೆಟ್ಟು ಹೊಸದಾಗಿ ಸಿದ್ಧಪಡಿಸಿದರೆ, ಆ ಎಣಿಕೆ ಮುಗಿಯುತ್ತಿತ್ತು. ಅಮೆಜಾನಿನ ಮಾರಾಟದ ಪುಟದಲ್ಲಿ ಸಾವಿರಾರು ಜನ ಒಂದೇ ನಕ್ಷತ್ರವಿತ್ತು ಪ್ರತಿಭಟಿಸಿದರು. ಸಂಸ್ಥೆಯು ಮಿತಿಯನ್ನು ಐದಕ್ಕೆ ಏರಿಸಿತು. ಇಷ್ಟೆಲ್ಲ ಕಟ್ಟುಪಾಡಿನ ನಡುವೆಯೂ ಆ ವರ್ಷ ಅತಿ ಹೆಚ್ಚು ಕಳವಾಗಿ ಹಂಚಿಹೋದ ಆಟಗಳ ಸಾಲಿನಲ್ಲಿ ಇದೂ ಮುಂದೆ ನಿಂತಿತ್ತು. ಕದ್ದವನಿಗೆ ಮೂರರ ಮಿತಿಯಿರಲಿಲ್ಲ. ಕೊಂಡವನಿಗೆ ಮಾತ್ರ ಇತ್ತು. ಡಿ.ಆರ್.ಎಂ.ನ ಮೂಲಭೂತ ವಿಪರ್ಯಾಸ ಇದೇ. ಬೀಗವನ್ನು ಮುರಿದವನು ಬೀಗವನ್ನೇ ಕಾಣುವುದಿಲ್ಲ. ಪ್ರಾಮಾಣಿಕನು ದಿನವೂ ಅದರ ಮುಂದೆ ನಿಂತು ತನ್ನ ಗುರುತು ಹೇಳಬೇಕು.

ಮುಂದಿನ ಹೆಜ್ಜೆ ಇನ್ನೂ ಕಠಿಣವಾಯಿತು. 2010ರಲ್ಲಿ ಯೂಬಿಸಾಫ್ಟ್ ಎಂಬ ಫ್ರೆಂಚ್ ಸಂಸ್ಥೆಯ ‘ಅಸ್ಸಾಸಿನ್ಸ್ ಕ್ರೀಡ್ 2’ ಆಟದ ಕಂಪ್ಯೂಟರ್ ಆವೃತ್ತಿಗೆ, ಒಬ್ಬನೇ ಕುಳಿತು ಆಡುವಾಗಲೂ ಅಂತರಜಾಲದ ಸಂಪರ್ಕ ಸತತವಾಗಿರಬೇಕಿತ್ತು. ಸಂಪರ್ಕ ಕಡಿದರೆ ಆಟ ನಿಲ್ಲುತ್ತಿತ್ತು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಸಂಸ್ಥೆಯ ಸರ್ವರುಗಳ ಮೇಲೆ ದಾಳಿಯಾಗಿ, ಹಣ ಕೊಟ್ಟ ಅನೇಕರು ಆಡಲಾಗದೆ ಕುಳಿತರು. 2012ರ ಮೇ ತಿಂಗಳಲ್ಲಿ ‘ಡಯಾಬ್ಲೊ 3’ ಬಿಡುಗಡೆಯಾದ ದಿನ, ಸರ್ವರುಗಳು ತುಂಬಿಹೋಗಿ, ‘ದೋಷ 37’ ಎಂಬ ಸಂದೇಶವು ಜಗತ್ತಿನಾದ್ಯಂತ ನಗೆಪಾಟಲಾಯಿತು. 2013ರ ಮಾರ್ಚಿನಲ್ಲಿ ‘ಸಿಮ್‌ಸಿಟಿ’ಗೂ ಇದೇ ಗತಿಯಾಯಿತು. ಅದನ್ನು ಸಂಪರ್ಕವಿಲ್ಲದೆ ನಡೆಸಲು ಸುಲಭವಾಗಿ ಆಗದೆಂದು ತಯಾರಕರು ವಾದಿಸಿದರು. ಆದರೆ ಒಂದು ವರ್ಷದ ಬಳಿಕ, 2014ರ ಮಾರ್ಚಿನಲ್ಲಿ, ಅವರೇ ಸಂಪರ್ಕವಿಲ್ಲದೆ ಆಡುವ ಅವಕಾಶ ಕೊಟ್ಟರು.

ಒಂದು ಮನೆಗೆ ಹಲವು ಬಾಗಿಲು

ಸ್ಟೀಮಿನ ಯಶಸ್ಸನ್ನು ಕಂಡ ಉಳಿದ ಸಂಸ್ಥೆಗಳು ತಮ್ಮ ತಮ್ಮ ಅಂಗಡಿಗಳನ್ನು ತೆರೆಯತೊಡಗಿದವು. ಇದರ ಹಿಂದೆ ನೇರವಾದ ಹಣದ ಲೆಕ್ಕವಿತ್ತು. ಸ್ಟೀಮ್ ತನ್ನಲ್ಲಿ ಮಾರಾಟವಾದ ಆಟದ ಬೆಲೆಯಲ್ಲಿ ಸಾಮಾನ್ಯವಾಗಿ ಶೇಕಡಾ 30ರಷ್ಟನ್ನು ಇಟ್ಟುಕೊಳ್ಳುತ್ತಿತ್ತು; ಭಾರಿ ಮಾರಾಟದ ಆಟಗಳಿಗೆ ಮಾತ್ರ 2018ರ ಕೊನೆಯಲ್ಲಿ ಈ ಪಾಲನ್ನು ಇಳಿಸಿತು. ಸ್ವಂತ ಅಂಗಡಿಯಿದ್ದರೆ ಆ ಪಾಲು ಉಳಿಯುತ್ತದೆ. ಗಿರಾಕಿಯ ಹೆಸರು, ವಿಳಾಸ, ಅಭ್ಯಾಸಗಳ ಮಾಹಿತಿಯೂ ಕೈಗೆ ಸಿಗುತ್ತದೆ. 2011ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ‘ಆರಿಜಿನ್’ ತೆರೆಯಿತು. ಯೂಬಿಸಾಫ್ಟಿನ ‘ಯೂಪ್ಲೇ’ ಮುಂದೆ 2020ರಲ್ಲಿ ‘ಯೂಬಿಸಾಫ್ಟ್ ಕನೆಕ್ಟ್’ ಎಂದು ಹೆಸರು ಬದಲಿಸಿಕೊಂಡಿತು. 2016ರಲ್ಲಿ ಬೆಥೆಸ್ಡಾ, 2018ರ ಡಿಸೆಂಬರಿನಲ್ಲಿ ಎಪಿಕ್, 2019ರಲ್ಲಿ ರಾಕ್‌ಸ್ಟಾರ್ ತಮ್ಮ ಲಾಂಚರುಗಳನ್ನು ತಂದವು. ಲಾಂಚರೆಂದರೆ ಆಟಗಳನ್ನು ಕೊಳ್ಳುವ, ಇಳಿಸಿಕೊಳ್ಳುವ, ಆರಂಭಿಸುವ ತಂತ್ರಾಂಶ. ಆಟದ ಮನೆಯ ದ್ವಾರಪಾಲಕನೆನ್ನಬಹುದು.

ಅಂಗಡಿಗಳು ಹೆಚ್ಚಾದರೆ ಪೈಪೋಟಿಯಿಂದ ಗಿರಾಕಿಗೆ ಲಾಭವಾಗಬೇಕಲ್ಲವೇ ಎಂದು ವಾಚಕರು ಕೇಳಬಹುದು. ಎಪಿಕ್ ಸಂಸ್ಥೆಯು ಶೇಕಡಾ 12ರ ಪಾಲನ್ನಷ್ಟೇ ಕೇಳಿದ್ದು ತಯಾರಕರಿಗೆ ನಿಜವಾದ ಲಾಭವೇ. ಆದರೆ ಒಂದೇ ಪದಾರ್ಥವನ್ನು ಹಲವು ಅಂಗಡಿಗಳು ಮಾರಿದಾಗ ಮಾತ್ರ ಕೊಳ್ಳುವವನಿಗೆ ಆಯ್ಕೆಯುಂಟು. ಇಲ್ಲಿ ನಡೆದದ್ದು ಬೇರೆ. 2019ರ ಜನವರಿಯಲ್ಲಿ, ಬಿಡುಗಡೆಗೆ ಕೆಲವೇ ವಾರಗಳಿದ್ದಾಗ, ‘ಮೆಟ್ರೊ ಎಕ್ಸೋಡಸ್’ ಆಟದ ಮಾರಾಟವನ್ನು ಸ್ಟೀಮಿನಿಂದ ತೆಗೆದು, ಒಂದು ವರ್ಷ ಎಪಿಕ್ ಅಂಗಡಿಗೇ ಮೀಸಲಿಟ್ಟರು. ಅದು ಬೇಕೆಂದವನು ಹೊಸ ಖಾತೆ, ಹೊಸ ಗುಪ್ತಪದ, ಹೊಸ ಲಾಂಚರುಗಳನ್ನು ಒಪ್ಪಬೇಕಾಯಿತು.

ಇದಕ್ಕಿಂತ ಬೇಸರದ ಸಂಗತಿಯೆಂದರೆ ಬಾಗಿಲಿನೊಳಗೊಂದು ಬಾಗಿಲು. ಸ್ಟೀಮಿನಲ್ಲಿ ‘ರೆಡ್ ಡೆಡ್ ರಿಡೆಂಪ್ಷನ್ 2’ ಆಟವನ್ನು ಕೊಂಡವನು ಆಡಲು ಹೊರಟರೆ, ಮೊದಲು ಸ್ಟೀಮ್ ತೆರೆಯಬೇಕು, ಅದು ರಾಕ್‌ಸ್ಟಾರಿನ ಲಾಂಚರನ್ನು ತೆರೆಯಬೇಕು, ಆಮೇಲೆ ಆಟ. ಯೂಬಿಸಾಫ್ಟಿನ ಆಟಗಳ ಕಥೆಯೂ ಇಂಥದೇ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಎಲ್ಲವೂ ನಿಲ್ಲುತ್ತದೆ. 2021ರ ನವೆಂಬರಿನಲ್ಲಿ ರಾಕ್‌ಸ್ಟಾರಿನ ಲಾಂಚರು ಒಂದು ದಿನಕ್ಕೂ ಹೆಚ್ಚು ಕಾಲ ಕೆಲಸ ನಿಲ್ಲಿಸಿದಾಗ, ಅದನ್ನೇ ಅವಲಂಬಿಸಿದ್ದ ಆಟಗಳಿಗೂ ಬೀಗ ಬಿದ್ದಿತು. ಆಟದಲ್ಲಿ ದೋಷವಿರಲಿಲ್ಲ, ಆಟಗಾರನ ಯಂತ್ರದಲ್ಲಿಯೂ ದೋಷವಿರಲಿಲ್ಲ. ದ್ವಾರಪಾಲಕನು ಮಲಗಿದ್ದನು, ಅಷ್ಟೆ. ಚೆದುರಿಹೋದ ಈ ಆಟಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ತೋರಿಸುವುದಕ್ಕಾಗಿಯೇ 2019ರಲ್ಲಿ ‘ಗಾಗ್ ಗ್ಯಾಲಕ್ಸಿ’ಯ ಎರಡನೆಯ ಆವೃತ್ತಿ ಬಂದಿತು. ಲಾಂಚರುಗಳನ್ನು ನೋಡಿಕೊಳ್ಳಲು ಇನ್ನೊಂದು ಲಾಂಚರು!

ಬೀಗಕ್ಕೆ ತುಕ್ಕು ಹಿಡಿದಾಗ

ಇಷ್ಟು ಬರಿಯ ಕಿರಿಕಿರಿಯೆಂದು ಸಹಿಸಿಕೊಳ್ಳಬಹುದಾಗಿತ್ತು. ನಿಜವಾದ ನಷ್ಟವು ಕಾಲ ಸರಿದ ಮೇಲೆ ಕಾಣುತ್ತದೆ. ಬೀಗವನ್ನು ಮಾಡಿದವರು ಬೀಗಕ್ಕೆ ಆಯುಸ್ಸಿದೆಯೆಂಬುದನ್ನು ಮರೆತಿರುತ್ತಾರೆ.

2015ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ನ್ನು ಹೊರತಂದಾಗ, ಹಳೆಯ ಸೇಫ್‌ಡಿಸ್ಕ್ ಬೀಗಕ್ಕೆ ಅದರಲ್ಲಿ ಜಾಗ ಕೊಡಲಿಲ್ಲ. ಆ ಬೀಗವು ಯಂತ್ರದ ಒಳಮರ್ಮಕ್ಕೆ ಕೈಹಾಕುವಂಥದಾಗಿದ್ದು, ಸುರಕ್ಷತೆಯ ದೃಷ್ಟಿಯಿಂದ ಅಪಾಯಕಾರಿಯಾಗಿತ್ತು. ನಿರ್ಧಾರ ಸರಿಯೇ. ಆದರೆ ಪರಿಣಾಮವಾಗಿ, ಹತ್ತು ಹದಿನೈದು ವರ್ಷ ಹಿಂದೆ ಹಣ ಕೊಟ್ಟು ಕೊಂಡ, ಗೀಚೊಂದೂ ಇಲ್ಲದ ಡಿಸ್ಕುಗಳು ಹೊಸ ಯಂತ್ರದಲ್ಲಿ ಮೂಕವಾದವು. 2021ರಲ್ಲಿ ಇಂಟೆಲ್ ಸಂಸ್ಥೆಯು ಎರಡು ಬಗೆಯ ಸಂಸ್ಕರಣ ಘಟಕಗಳನ್ನು ಒಂದೇ ಚಿಪ್ಪಿನಲ್ಲಿ ಕೂಡಿಸಿದಾಗ, ಕೆಲವು ಡಿ.ಆರ್.ಎಂ. ತಂತ್ರಾಂಶಗಳು ಒಂದೇ ಯಂತ್ರವನ್ನು ಎರಡು ಯಂತ್ರಗಳೆಂದು ತಪ್ಪಾಗಿ ಭಾವಿಸಿದವು. ಐವತ್ತಕ್ಕೂ ಹೆಚ್ಚು ಆಟಗಳು ಇದರಿಂದ ತೊಡಕಿಗೀಡಾದವೆಂದು ಇಂಟೆಲ್ ತಾನೇ ಪಟ್ಟಿ ಕೊಟ್ಟಿತು. ಮುಂದೆ ಅವನ್ನು ಒಂದೊಂದಾಗಿ ಸರಿಪಡಿಸಬೇಕಾಯಿತು. ಮನೆಯ ಯಜಮಾನನು ಹೊಸ ಅಂಗಿ ತೊಟ್ಟನೆಂದು ಕಾವಲುಗಾರನು ಒಳಗೆ ಬಿಡದಂತಾಯಿತು.

ಅಂಗಡಿಗಳೂ ಶಾಶ್ವತವಲ್ಲ. ಮೈಕ್ರೋಸಾಫ್ಟಿನ ‘ಗೇಮ್ಸ್ ಫಾರ್ ವಿಂಡೋಸ್ ಲೈವ್’ 2007ರಲ್ಲಿ ಬಂದು, 2013ರ ಆಗಸ್ಟಿನಲ್ಲಿ ತನ್ನ ಮಾರಾಟದ ವಿಭಾಗವನ್ನು ಮುಚ್ಚಿತು. ಬೆಥೆಸ್ಡಾದ ಲಾಂಚರು 2022ರಲ್ಲಿ, ಆರಿಜಿನ್ 2025ರಲ್ಲಿ ನಿಂತವು. ಬೆಥೆಸ್ಡಾ ತನ್ನ ಗಿರಾಕಿಗಳ ಆಟಗಳನ್ನು ಸ್ಟೀಮಿಗೆ ವರ್ಗಾಯಿಸಿಕೊಟ್ಟಿತು. ಆರಿಜಿನ್‌ನ ಆಟಗಳು ಅದೇ ಸಂಸ್ಥೆಯ ಹೊಸ ಲಾಂಚರಿಗೆ ಬಂದವು. ಇವು ಒಳ್ಳೆಯ ನಡತೆಯ ನಿದರ್ಶನಗಳು. ಆದರೆ ಇದು ಮಾರಿದವರ ಸೌಜನ್ಯವೇ ಹೊರತು ಕೊಂಡವರ ಹಕ್ಕಲ್ಲ.

ಸೌಜನ್ಯ ತಪ್ಪಿದರೆ ಏನಾಗುವುದೆಂಬುದಕ್ಕೆ ‘ದಿ ಕ್ರೂ’ ಎಂಬ ಕಾರು ಓಟದ ಆಟವೇ ಸಾಕ್ಷಿ. ಯೂಬಿಸಾಫ್ಟ್ ಇದನ್ನು 2014ರ ಡಿಸೆಂಬರಿನಲ್ಲಿ ಹೊರತಂದಿತು. ಒಬ್ಬನೇ ಆಡಿದರೂ ಸಂಸ್ಥೆಯ ಸರ್ವರಿನ ಸಂಪರ್ಕ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರು ನಿಂತಿತು. ಅದರೊಡನೆ ಆಟವೂ ನಿಂತಿತು. ಬಳಿಕ ಆಟಗಾರರ ಖಾತೆಗಳಿಂದ ಅದರ ಪರವಾನಗಿಯನ್ನೂ ಹಿಂತೆಗೆದುಕೊಳ್ಳಲಾಯಿತು. ಪ್ರಕಾಶಕರು ಬಂದು, ಗ್ರಂಥಾಲಯದ ಕಪಾಟಿನಿಂದ ಪುಸ್ತಕವನ್ನು ಎತ್ತಿಕೊಂಡು, ಸೂಚಿಪತ್ರದ ಸಾಲನ್ನೂ ಹೊಡೆದುಹಾಕಿ ಹೋದಂತೆ!

ಪ್ರಕಾಶಕರ ಪಕ್ಷ

ಒಂದೇ ಪಕ್ಷದ ವಾದವನ್ನು ಕೇಳಿ ತೀರ್ಪು ಕೊಡುವುದು ನ್ಯಾಯವಲ್ಲ. ದೊಡ್ಡದೊಂದು ಆಟವನ್ನು ಸಿದ್ಧಪಡಿಸಲು ನೂರಾರು ಜನ ವರ್ಷಗಟ್ಟಲೆ ದುಡಿಯುತ್ತಾರೆ. ಅವರ ಶ್ರಮಫಲವನ್ನು ಬಿಟ್ಟಿಯಾಗಿ ಹಂಚುವುದು ಕಳ್ಳತನವೇ. ಅದಕ್ಕೆ ಬೇರೆ ಹೆಸರಿಲ್ಲ. ಈ ವೃತ್ತಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಇದನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲರು.

ಬೀಗದಿಂದ ಪ್ರಯೋಜನವೇ ಇಲ್ಲವೆನ್ನುವುದೂ ಸರಿಯಲ್ಲ. ಆಸ್ಟ್ರಿಯ ದೇಶದಲ್ಲಿ ಹುಟ್ಟಿ, 2014ರಿಂದ ಬಳಕೆಗೆ ಬಂದ ‘ಡೆನ್ಯುವೊ’ ಎಂಬ ಡಿ.ಆರ್.ಎಂ. ಕುರಿತು ಅಮೆರಿಕದ ಸಂಶೋಧಕರೊಬ್ಬರು 86 ಆಟಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬಿಡುಗಡೆಯಾದ ಮೊದಲ ವಾರದಲ್ಲಿಯೇ ಬೀಗ ಮುರಿದರೆ ಆದಾಯದಲ್ಲಿ ಸರಾಸರಿ ಐದನೆಯ ಒಂದು ಪಾಲಿನಷ್ಟು ನಷ್ಟವಾಗುತ್ತದೆಂದು ಅದು ಅಂದಾಜು ಮಾಡಿತು. ಅದೇ ಅಧ್ಯಯನದ ಇನ್ನೊಂದು ನಿಷ್ಕರ್ಷೆ ಹೆಚ್ಚು ಮನನೀಯವಾದುದು. ಸುಮಾರು 12 ವಾರಗಳು ಕಳೆದ ಮೇಲೆ ಬೀಗ ಮುರಿದರೂ ಆದಾಯಕ್ಕೆ ಹೇಳಿಕೊಳ್ಳುವಂಥ ಕೊರತೆಯಾಗುವುದಿಲ್ಲ.

ಅಂದಮೇಲೆ ಮೂರು ತಿಂಗಳ ಪ್ರಯೋಜನಕ್ಕಾಗಿ ಹಾಕಿದ ಬೀಗವನ್ನು ಮೂವತ್ತು ವರ್ಷ ಬಿಡುವುದೇಕೆ? ‘ಡೂಮ್’ ಆಟವನ್ನು 2016ರ ಮೇ ತಿಂಗಳಲ್ಲಿ ಹೊರತಂದವರು ಅದೇ ಡಿಸೆಂಬರಿನಲ್ಲಿ ಡೆನ್ಯುವೊವನ್ನು ತೆಗೆದುಹಾಕಿದರು. ಬೀಗವೇ ಇಲ್ಲದೆ ವ್ಯಾಪಾರ ಮಾಡಿದವರೂ ಉಂಟು. ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ಸಂಸ್ಥೆಯು 2008ರಲ್ಲಿ ಆರಂಭಿಸಿದ ‘ಗಾಗ್’ ಅಂಗಡಿಯು ಡಿ.ಆರ್.ಎಂ. ಇಲ್ಲದ ಆಟಗಳನ್ನೇ ಮಾರುವ ವ್ರತ ಹಿಡಿಯಿತು. ಅದೇ ಸಂಸ್ಥೆಯ ‘ದಿ ವಿಚರ್ 3’ 2015ರಲ್ಲಿ ಬಿಡುಗಡೆಯಾದ ದಿನದಿಂದಲೇ ಬೀಗವಿಲ್ಲದ ಪ್ರತಿಯಾಗಿಯೂ ದೊರೆಯಿತು. ಎಲ್ಲ ಬಗೆಯ ಯಂತ್ರಗಳೂ ಸೇರಿ 2023ರ ವೇಳೆಗೆ ಅದರ ಮಾರಾಟ 5 ಕೋಟಿ ಪ್ರತಿಗಳನ್ನು ದಾಟಿತು. ಕಳ್ಳಪ್ರತಿಯು ಬಹುಮಟ್ಟಿಗೆ ಬೆಲೆಯ ಸಮಸ್ಯೆಯಲ್ಲ, ಸೇವೆಯ ಸಮಸ್ಯೆಯೆಂಬ ಅಭಿಪ್ರಾಯವನ್ನು ವಾಲ್ವ್ ಸಂಸ್ಥೆಯ ಮುಖ್ಯಸ್ಥ ಗೇಬ್ ನ್ಯೂಯೆಲ್ 2011ರಲ್ಲಿಯೇ ವ್ಯಕ್ತಪಡಿಸಿದ್ದರು. ಕಳ್ಳನಿಗಿಂತ ಉತ್ತಮ ಸೇವೆಯನ್ನು ಕೊಟ್ಟರೆ ಜನ ಸಂತೋಷವಾಗಿ ಹಣ ಕೊಡುತ್ತಾರೆ ಎಂಬುದು ಅದರ ತಾತ್ಪರ್ಯ.

ಕಾನೂನಿನ ದೃಷ್ಟಿ

1908ರ ತೀರ್ಪು ಈ ಆಟಗಾರರಿಗೆ ಏಕೆ ನೆರವಾಗಲಿಲ್ಲ? ಉತ್ತರವು ಒಂದು ಪದದಲ್ಲಿ ಅಡಗಿದೆ. ಅಂಗಡಿಯ ಗುಂಡಿಯ ಮೇಲೆ ‘ಕೊಳ್ಳಿರಿ’ ಎಂದಿದ್ದರೂ, ಯಾರೂ ಓದದ ಕರಾರಿನಲ್ಲಿ ‘ಪರವಾನಗಿ’ ಎಂದಿರುತ್ತದೆ. ಮಾರಿದ್ದು ವಸ್ತುವನ್ನಲ್ಲ, ಬಳಸುವ ಅನುಮತಿಯನ್ನು ಮಾತ್ರ. 2019ರಲ್ಲಿ ಪ್ಯಾರಿಸಿನ ನ್ಯಾಯಾಲಯವೊಂದು, ಸ್ಟೀಮಿನಲ್ಲಿ ಕೊಂಡ ಆಟವನ್ನು ಮತ್ತೆ ಮಾರುವ ಹಕ್ಕು ಗಿರಾಕಿಗಿದೆಯೆಂದಿತು. 2022ರಲ್ಲಿ ಮೇಲ್ಮನವಿಯ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಬೀಗವನ್ನು ಮುರಿಯುವುದನ್ನು ಅಮೆರಿಕದ 1998ರ ಕಾಯಿದೆ ನಿಷೇಧಿಸಿದೆ. ಆದರೂ 2015ರಲ್ಲಿ, ಅನುಮತಿ ನೀಡುವ ಸರ್ವರು ನಿಂತುಹೋದ ಆಟಗಳ ವಿಷಯದಲ್ಲಿ ಕೊಂಡವರಿಗೂ ವಸ್ತುಸಂಗ್ರಹಾಲಯಗಳಿಗೂ ಸೀಮಿತವಾದ ವಿನಾಯಿತಿ ದೊರೆಯಿತು. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿಸಿದ 65ಎ ಕಲಮು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆಯನ್ನು ಭೇದಿಸುವವರಿಗೆ ಎರಡು ವರ್ಷದವರೆಗೆ ಸೆರೆವಾಸವನ್ನೂ ದಂಡವನ್ನೂ ವಿಧಿಸುತ್ತದೆ. ಉದ್ದೇಶವನ್ನು ಪರಿಗಣಿಸುವ ಮಟ್ಟಿಗೆ ನಮ್ಮ ಕಾನೂನು ವಿವೇಚನೆಯುಳ್ಳದ್ದು.

ಈಚೆಗೆ ಗಾಳಿ ಸ್ವಲ್ಪ ತಿರುಗಿದೆ. ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾಯಿದೆಯಂತೆ, ಮಾರುತ್ತಿರುವುದು ಪರವಾನಗಿಯನ್ನು ಮಾತ್ರವೆಂದು ಮಾರಾಟಗಾರರು ಸ್ಪಷ್ಟವಾಗಿ ತಿಳಿಸಬೇಕು. ಹಣ ತೆರುವ ಮುನ್ನ ಸ್ಟೀಮ್ ಈ ಮಾತನ್ನು 2024ರ ಅಕ್ಟೋಬರಿನಿಂದಲೇ ತೋರಿಸತೊಡಗಿತು. ‘ದಿ ಕ್ರೂ’ ನಿಂತ ಬಳಿಕ ಹುಟ್ಟಿದ ‘ಆಟಗಳನ್ನು ಕೊಲ್ಲಬೇಡಿ’ ಎಂಬ ಚಳವಳಿಯು ಐರೋಪ್ಯ ಒಕ್ಕೂಟದ ಮುಂದೆ ನಾಗರಿಕರ ಮನವಿಯನ್ನಿಟ್ಟು, 2025ರ ಜುಲೈಯಲ್ಲಿ 10 ಲಕ್ಷ ಸಹಿಗಳ ಗಡಿಯನ್ನು ದಾಟಿತು. ಸರ್ವರನ್ನು ಎಂದೆಂದಿಗೂ ನಡೆಸಿರೆಂದು ಅವರು ಕೇಳುತ್ತಿಲ್ಲ. ನಿಲ್ಲಿಸುವಾಗ ಆಟವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿರೆಂದು ಕೇಳುತ್ತಿದ್ದಾರೆ. ಯೂಬಿಸಾಫ್ಟ್ ತಾನೇ ‘ದಿ ಕ್ರೂ 2’ ಆಟಕ್ಕೆ ಸಂಪರ್ಕವಿಲ್ಲದೆ ಆಡುವ ವ್ಯವಸ್ಥೆ ಮಾಡುವುದಾಗಿ 2024ರಲ್ಲಿ ಘೋಷಿಸಿತೆಂದರೆ, ಕೇಳಿಕೆ ಅಸಾಧ್ಯವಾದುದಲ್ಲವೆಂದಾಯಿತು.

ನಮಗೆ ಇದರಿಂದ ತಿಳಿಯುವುದೇನು?

ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ದೇಶದಲ್ಲಿ 2010ಕ್ಕೆ ಮುನ್ನ ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಇಂದು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ. ಇದಕ್ಕೆಲ್ಲ ಬೀಗವೊಂದೇ ಕಾರಣವಲ್ಲ. ಆದರೆ ಮಾರುಕಟ್ಟೆ ಮರೆತದ್ದನ್ನು ಕಾಪಾಡುವವರು ಕೊಂಡವರೂ ಗ್ರಂಥಾಲಯಗಳೂ ಆಗಿರುವಾಗ, ಬೀಗವು ಅವರ ಕೈಯನ್ನೇ ಕಟ್ಟುತ್ತದೆ.

ಈಗ ಶಾಲೆಗಳೂ ವಿದ್ಯುನ್ಮಾನ ಪುಸ್ತಕಗಳನ್ನು, ಪಾಠದ ತಂತ್ರಾಂಶಗಳನ್ನು ದಾನಿಗಳ ನೆರವಿನಿಂದ ತರಿಸುವ ಕಾಲ ಬಂದಿದೆ. ತರಿಸುವ ಮುನ್ನ ಉಪಾಧ್ಯಾಯರೂ ದಾನಿಗಳೂ ಮೂರು ಪ್ರಶ್ನೆಗಳನ್ನು ಕೇಳುವುದು ಒಳಿತು. ನಾವು ಪಡೆಯುತ್ತಿರುವುದು ವಸ್ತುವೋ, ಅವಧಿಯ ಅನುಮತಿಯೋ? ಅಂತರಜಾಲವಿಲ್ಲದ ದಿನವೂ ಅದು ನಡೆಯುವುದೋ? ಮಾರಿದ ಸಂಸ್ಥೆ ಮುಚ್ಚಿದರೆ ಅದು ನಮ್ಮಲ್ಲಿ ಉಳಿಯುವುದೋ? ಉತ್ತರ ತೃಪ್ತಿಕರವಾಗದಿದ್ದರೂ ತರಿಸಬೇಕಾಗಬಹುದು. ಆದರೆ ತಿಳಿದು ತರಿಸಿದಂತಾಗುತ್ತದೆ. ಹೊಸ ತಂತ್ರಾಂಶಗಳನ್ನು ರಚಿಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ಬೀಗ ಹಾಕಲೇಬೇಕಾದರೆ ಅದನ್ನು ತೆಗೆಯುವ ದಿನವನ್ನೂ ಅಂದೇ ಗೊತ್ತುಮಾಡಿ. ಅಂಗಡಿ ಮುಚ್ಚುವ ದಿನ ಬೀಗದ ಕೈಯನ್ನು ಕೊಂಡವರ ಕೈಗಿತ್ತು ಹೋಗಿ.

ಗ್ರಂಥಾಲಯದ ಹಳೆಯ ಪುಸ್ತಕವೊಂದನ್ನು ತೆರೆದಾಗ ಮಾಸಿದ ಮಸಿಯಲ್ಲಿ ದಾನಿಯ ಹೆಸರು ಕಾಣುತ್ತದೆ. ಕೊಟ್ಟವರಿಲ್ಲ, ಅಚ್ಚು ಹಾಕಿದವರಿಲ್ಲ, ಮಾರಿದ ಅಂಗಡಿಯೂ ಇಲ್ಲ. ಆದರೂ ಪುಸ್ತಕ ಓದುವ ಹುಡುಗನನ್ನು ಯಾರೂ ಅನುಮತಿ ಕೇಳುವುದಿಲ್ಲ. ನಾವು ಮುಂದಿನವರಿಗಾಗಿ ಇಂದು ಕೊಳ್ಳುವ ಹೊಸ ಬಗೆಯ ವಸ್ತುಗಳಿಗೂ ಇಷ್ಟು ಭಾಗ್ಯವಿರಲಿ.